ಅತ್ತೆಗೆ ಗರ್ಭಕಂಠದ ಕ್ಯಾನ್ಸರ್: ಹೊಸ ಚಿಕಿತ್ಸೆ ಏನಾದರೂ ಬಂದಿದೆಯೇ? ಮಗಳಿಗೆ ಲಸಿಕೆ ಹಾಕಿಸಬೇಕೇ?

ನೀವು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದೀರಿ. ಅತ್ತೆಯವರಿಗೆ 2ಬಿ ಹಂತದ (ಗಡ್ಡೆ ಗರ್ಭಕಂಠದ ಪಕ್ಕದ ಅಂಗಾಂಶಕ್ಕೂ ಹಬ್ಬಿದ) ಗರ್ಭಕಂಠದ ಕ್ಯಾನ್ಸರ್, ಆಪರೇಷನ್ ಬೇಡ, ಕರೆಂಟು, ಅಂದರೆ ವಿಕಿರಣ, ಕೊಡೋಣ ಎಂದು ವೈದ್ಯರು ಹೇಳಿದ್ದಾರೆ. ಅದಕ್ಕಿಂತ ಹೊಸದು ಬಂದಿದೆಯೇ? 12 ವರ್ಷದ ಮಗಳಿಗೆ ಲಸಿಕೆ ಬೇಕೇ? 38ರ ನಿಮಗೆ? ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ವೈದ್ಯೆ. ಕ್ಯಾನ್ಸರ್ ತಜ್ಞೆಯಲ್ಲ, ಈ ರೋಗವನ್ನು ಮೊದಲು ಕಂಡು ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯುವವಳು. ವರದಿ ನೋಡದೆ ಹೇಳಬಹುದಾದಷ್ಟನ್ನು ಹೇಳುತ್ತೇನೆ.

ಅತ್ತೆಯವರದು ಮೊದಲು, ಏಕೆಂದರೆ ಕಾಯುವ ಹಾಗಿಲ್ಲ. 'ಗಡ್ಡೆ ಇದೆ ಎಂದ ಮೇಲೆ ಗರ್ಭಕೋಶವನ್ನೇ ತೆಗೆದುಬಿಡಬಾರದೇ' ಎಂದು ಪ್ರತಿ ಮನೆಯವರೂ ಕೇಳುತ್ತಾರೆ. ಇದೇ ಪ್ರಶ್ನೆಯನ್ನು ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ 630ಕ್ಕೂ ಹೆಚ್ಚು ಮಹಿಳೆಯರಲ್ಲಿ ಪರೀಕ್ಷಿಸಿ 2018ರಲ್ಲಿ ಉತ್ತರ ಪ್ರಕಟಿಸಿತು. ಅರ್ಧದಷ್ಟು ಮಂದಿಗೆ ಕೀಮೋ ಕೊಟ್ಟು ಆಪರೇಷನ್, ಉಳಿದವರಿಗೆ ವಿಕಿರಣದ ಜೊತೆಗೇ ಕೀಮೋ. ಐದು ವರ್ಷದ ಬಳಿಕ ರೋಗ ಮರುಕಳಿಸದೆ ಇದ್ದವರು ಆಪರೇಷನ್ ಗುಂಪಿನಲ್ಲಿ ಶೇ 69, ವಿಕಿರಣದ ಗುಂಪಿನಲ್ಲಿ ಶೇ 77. ಬದುಕುಳಿದವರ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಆಪರೇಷನ್ ಬೇಡ ಎಂದದ್ದು ಕೈಚೆಲ್ಲಿದ ಮಾತಲ್ಲ. ಅದೇ ಸರಿಯಾದ ದಾರಿ.

ಹೊಸದು ಏನೆಂದರೆ, ವಿಕಿರಣಕ್ಕೂ ಮೊದಲು ಆರು ವಾರ, ವಾರಕ್ಕೊಮ್ಮೆ ಕೀಮೋ. ಇಂಟರ್‌ಲೇಸ್ ಎಂಬ ಈ ಪ್ರಯೋಗ ಬ್ರಿಟನ್, ಮೆಕ್ಸಿಕೊ, ಇಟಲಿ, ಬ್ರೆಜಿಲ್ ಮತ್ತು ಭಾರತದ 500 ಮಹಿಳೆಯರ ಮೇಲೆ ನಡೆದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅವರಲ್ಲಿ ಹೆಚ್ಚಿನವರು ಎರಡನೇ ಹಂತದವರು, ಅಂದರೆ ನಿಮ್ಮ ಅತ್ತೆಯವರಂಥವರೇ. ಐದು ವರ್ಷದ ಬಳಿಕ ಬದುಕಿದ್ದವರು ಹಳೆಯ ಕ್ರಮದಲ್ಲಿ ಶೇ 72, ಹೊಸ ಕ್ರಮದಲ್ಲಿ ಶೇ 80. ನನಗೆ ಇದು ಇಷ್ಟವಾಗುವುದು ಔಷಧಗಳ ಕಾರಣಕ್ಕೆ: ಕಾರ್ಬೋಪ್ಲಾಟಿನ್, ಪ್ಯಾಕ್ಲಿಟ್ಯಾಕ್ಸೆಲ್. ಎರಡೂ ಹಳೆಯವು, ಪೇಟೆಂಟ್ ಮುಗಿದವು, ನಮ್ಮಲ್ಲೇ ತಯಾರಾಗುವಂಥವು. ಅಡ್ಡಪರಿಣಾಮ ಹೆಚ್ಚು ಎಂಬುದೂ ನಿಜ. ಮೂತ್ರಪಿಂಡ, ರಕ್ತದ ಎಣಿಕೆ, ಅವರ ಒಟ್ಟು ಶಕ್ತಿ ನೋಡಿ ವೈದ್ಯರು ತೀರ್ಮಾನಿಸಬೇಕು. 'ಇಂಟರ್‌ಲೇಸ್ ಕ್ರಮ ನಮಗೆ ಹೊಂದುತ್ತದೆಯೇ' ಎಂದು ಧೈರ್ಯವಾಗಿ ಕೇಳಿ. ಈ ಹೆಸರು ಅವರಿಗೆ ಗೊತ್ತಿರುತ್ತದೆ.

ನೀವು ವಾಟ್ಸ್‌ಆ್ಯಪ್‌ನಲ್ಲಿ ಓದಿದ ಇಮ್ಯುನೊಥೆರಪಿಯೂ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಚಿಕಿತ್ಸೆ) ಸುಳ್ಳಲ್ಲ. ಪೆಂಬ್ರೊಲಿಜುಮ್ಯಾಬ್ ಎಂಬ ಔಷಧವನ್ನು ವಿಕಿರಣದ ಜೊತೆ ಕೊಟ್ಟಾಗ ಮೂರು ವರ್ಷ ಬದುಕುಳಿದವರು ಶೇ 75ರಿಂದ ಸುಮಾರು ಶೇ 83ಕ್ಕೆ ಏರಿದರು. ಆದರೆ ಆ ಪ್ರಯೋಗದಲ್ಲಿ ಇದ್ದವರು ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ರೋಗ ಹರಡಿದವರು ಅಥವಾ ಮೂರನೇ ಹಂತ ಇಲ್ಲವೇ ಅದರಾಚೆ ತಲುಪಿದವರು. ಗ್ರಂಥಿಗಳು ಶುದ್ಧವಾಗಿರುವ 2ಬಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಈ ಔಷಧದ ಖರ್ಚಿಗೆ ಜಮೀನು ಮಾರುವ ಮಾತು ಬಂದರೆ ಮೊದಲು ಸ್ಕ್ಯಾನ್ ವರದಿಯಲ್ಲಿ ಗ್ರಂಥಿಗಳ ಬಗ್ಗೆ ಇರುವ ಸಾಲನ್ನು ಓದಿಸಿಕೊಳ್ಳಿ.

ಇವೆಲ್ಲಕ್ಕಿಂತ ಹೆಚ್ಚಾಗಿ ನಾನು ನೋಡುವುದು ಒಂದನ್ನೇ: ಶುರುವಾದ ವಿಕಿರಣ ಎಂಟು ವಾರದೊಳಗೆ ಮುಗಿಯುತ್ತದೆಯೇ? ಹೊರಗಿನ ಯಂತ್ರದಿಂದ ಸುಮಾರು ಐದು ವಾರ, ಆಮೇಲೆ ಗರ್ಭಕಂಠದ ಒಳಗೇ ಉಪಕರಣ ಇಟ್ಟು ಕೊಡುವ ಬ್ರ್ಯಾಕಿಥೆರಪಿ. ಈ ಎರಡನೆಯದು ಬಿಟ್ಟರೆ ಚಿಕಿತ್ಸೆ ಅರ್ಧವೇ. 'ರಕ್ತ ನಿಂತಿತು, ಹಬ್ಬ ಮುಗಿಸಿಕೊಂಡು ಬರುತ್ತೇವೆ' ಎಂದು ಊರಿಗೆ ಹೋದವರು ನನ್ನಲ್ಲಿಗೆ ಮತ್ತೆ ಬಂದಾಗ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಆ ಆಸ್ಪತ್ರೆಯಲ್ಲಿ ಬ್ರ್ಯಾಕಿಥೆರಪಿ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳುಹಿಸುತ್ತಾರೆ ಎಂದು ಮೊದಲ ದಿನವೇ ಕೇಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಮಗಳಿಗೆ ಲಸಿಕೆ: ಹಾಕಿಸಿ. ಈ ರೋಗ ವಂಶದಿಂದಲ್ಲ, ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಾಣುವಿನಿಂದ ಬರುತ್ತದೆ. ಆದ್ದರಿಂದ ವೈರಾಣು ತಗಲುವ ವಯಸ್ಸಿಗೆ ಮುಂಚೆಯೇ ಹಾಕಿಸಬೇಕು. ಇಂಗ್ಲೆಂಡಿನಲ್ಲಿ 12-13ನೇ ವಯಸ್ಸಿಗೆ ಲಸಿಕೆ ಸಿಕ್ಕ ಪೀಳಿಗೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 87ರಷ್ಟು ಕಡಿಮೆಯಾಗಿದೆ.

'ಲಸಿಕೆಯಿಂದ ಹುಡುಗಿಯರು ಸತ್ತರಂತೆ' ಎಂದು ನಿಮ್ಮ ಮೈದುನ ಹೇಳಿದ್ದಾಗಿ ಬರೆದಿದ್ದೀರಿ. ಆ ಮಾತಿಗೊಂದು ಮೂಲವಿದೆ. 2009-10ರಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಒಂದು ಲಸಿಕಾ ಯೋಜನೆ ನಡೆಯಿತು. ಲಸಿಕೆ ಪಡೆದ ಏಳು ಹುಡುಗಿಯರು ಬೇರೆ ಬೇರೆ ಕಾರಣಗಳಿಂದ ತೀರಿಕೊಂಡರು. ತನಿಖೆಯಲ್ಲಿ ಲಸಿಕೆಗೂ ಸಾವಿಗೂ ನಂಟು ಕಾಣಲಿಲ್ಲ. ಆದರೆ ಬಡ, ಬುಡಕಟ್ಟು ಹುಡುಗಿಯರಿಂದ ಒಪ್ಪಿಗೆ ಪಡೆದ ರೀತಿ ಕೆಟ್ಟದಾಗಿತ್ತು ಎಂಬುದು ಬಯಲಾಯಿತು. ಆಗ ಜನರಿಗೆ ಬಂದ ಸಿಟ್ಟು ನ್ಯಾಯವಾದದ್ದೇ ಎಂದು ನಾನು ಇಂದಿಗೂ ಹೇಳುತ್ತೇನೆ.

ವಿಚಿತ್ರವೆಂದರೆ, ಅದೇ ಗಲಾಟೆಯಿಂದ ಜಗತ್ತಿಗೊಂದು ಉಪಕಾರವಾಯಿತು. ಆಗ ದೇಶದ ಒಂಬತ್ತು ಕಡೆ ಇನ್ನೊಂದು ಅಧ್ಯಯನ ನಡೆಯುತ್ತಿತ್ತು: ಮೂರು ಡೋಸ್ ಬೇಕೇ, ಎರಡು ಸಾಕೇ ಎಂದು ನೋಡಲು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿದಾಗ ಸಾವಿರಾರು ಹುಡುಗಿಯರು ಒಂದೇ ಡೋಸ್‌ಗೆ ನಿಂತುಬಿಟ್ಟರು. ಸಂಶೋಧಕರು ಅವರನ್ನು ಕೈಬಿಡದೆ ಹತ್ತು ವರ್ಷದಷ್ಟು ಕಾಲ ಹಿಂಬಾಲಿಸಿದರು. 2021ರಲ್ಲಿ ಬಂದ ಫಲಿತಾಂಶ: ಅತಿ ಅಪಾಯದ 16 ಮತ್ತು 18ನೇ ತಳಿಗಳ ಸೋಂಕು ದೇಹದಲ್ಲಿ ಬೇರೂರದಂತೆ ತಡೆಯುವಲ್ಲಿ ಒಂದು ಡೋಸ್‌ಗೆ ಶೇ 95ರ ಸಾಮರ್ಥ್ಯ, ಎರಡು ಮೂರಕ್ಕೂ ಹೆಚ್ಚುಕಡಿಮೆ ಅಷ್ಟೇ. ಕೀನ್ಯಾದ ಪ್ರಯೋಗವೂ ಇದನ್ನೇ ತೋರಿಸಿತು. 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವಯಸ್ಸಿನವರಿಗೆ ಒಂದು ಡೋಸ್ ಕೊಟ್ಟರೂ ನಡೆಯುತ್ತದೆ ಎಂದಿತು. ನಿಮ್ಮ ಮಕ್ಕಳ ವೈದ್ಯರು ಎರಡು ಎಂದರೆ ಜಗಳವಾಡಬೇಡಿ. ಎರಡಕ್ಕೆ ದುಡ್ಡಿಲ್ಲವೆಂದು ಒಂದನ್ನೂ ಬಿಡಬೇಡಿ. ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್ 2023ರಿಂದ ಇದೆ, ವಿದೇಶಿ ಲಸಿಕೆಗಿಂತ ಅಗ್ಗ.

ಇನ್ನು ನೀವು. 38ಕ್ಕೆ ಲಸಿಕೆಯ ಲಾಭ ಕಡಿಮೆ, ಆ ಹಣದಲ್ಲಿ ಗರ್ಭಕಂಠದಲ್ಲಿ ಈ ವೈರಾಣು ಇದೆಯೇ ಎಂದು ನೋಡುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಮಾಡಿಸಿ. ಮಹಾರಾಷ್ಟ್ರದ ಅಂದಿನ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1.3 ಲಕ್ಷ ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಜೀವಮಾನಕ್ಕೆ ಒಂದೇ ಸಲ ಈ ಪರೀಕ್ಷೆ ಮಾಡಿದ್ದಕ್ಕೇ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ವೈರಾಣು ಇಲ್ಲ ಎಂದು ಬಂದವರಲ್ಲಿ ಎಂಟು ವರ್ಷದಲ್ಲಿ ಒಬ್ಬರೂ ಈ ಕ್ಯಾನ್ಸರಿನಿಂದ ಸಾಯಲಿಲ್ಲ. ಆ ಪರೀಕ್ಷೆ ಕೈಗೆಟುಕದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ವಿನೆಗರ್‌ನ ಆಮ್ಲ ಹಚ್ಚಿ ಬರಿಗಣ್ಣಿನಿಂದ ನೋಡುವ ಪರೀಕ್ಷೆ ಇದೆ, ಕೆಲವೇ ನಿಮಿಷದ ಕೆಲಸ. ನಿಮ್ಮ ನಾದಿನಿಯರನ್ನೂ ಕರೆದುಕೊಂಡು ಹೋಗಿ.

ವೈರಾಣು ಇದೆ ಎಂದು ಬಂದರೆ ಅದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಕಾಲ್ಪೊಸ್ಕೋಪ್ ಎಂಬ ಉಪಕರಣದಲ್ಲಿ ನೋಡಿ, ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡರೆ ಹೊರರೋಗಿ ವಿಭಾಗದಲ್ಲೇ ಸುಟ್ಟು ತೆಗೆಯುತ್ತಾರೆ. ಹಾಗೆಯೇ, ಆ ವರದಿ ಹಿಡಿದು ಗಂಡನ ಜೊತೆ ಜಗಳಕ್ಕೆ ಇಳಿಯಬೇಡಿ. ವೈರಾಣು ಹತ್ತಾರು ವರ್ಷ ಸದ್ದಿಲ್ಲದೆ ಇರಬಲ್ಲದು, ಯಾರಿಂದ ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು.