ಜಗಲಿಯಲ್ಲಿ ಮಲಗುವವರು ಮತ್ತು ಮೂವರು ಟಿಕೆಟ್ ಆಕಾಂಕ್ಷಿಗಳು

ಓದುಗರ ಪತ್ರ: ಪಾಲಿಕೆ ಚುನಾವಣೆಯ ಮಾತು ಶುರುವಾಗಿದೆ. ನಮ್ಮ ನಿವಾಸಿಗಳ ಸಂಘದ ಸಭೆಗೆ ಮೂವರು ಟಿಕೆಟ್ ಆಕಾಂಕ್ಷಿಗಳು ಬಂದಿದ್ದರು. ರಾತ್ರಿ ಅಂಗಡಿ ಜಗಲಿಗಳಲ್ಲಿ ಮಲಗುವವರ ವಿಷಯ ಎತ್ತಿದೆ. ಪೊಲೀಸರಿಗೆ ಹೇಳಿ ಒಂದೇ ವಾರದಲ್ಲಿ ತೆರವು ಮಾಡಿಸುತ್ತೇನೆ ಎಂದರು ಒಬ್ಬರು. ಮೂಲೆ ಮೂಲೆಗೂ ಸಿಸಿ ಕ್ಯಾಮೆರಾ ಎಂದರು ಇನ್ನೊಬ್ಬರು. ಮೂರನೆಯವರು ‘ಪಾಪ, ಅವರೂ ಮನುಷ್ಯರಲ್ಲವೇ’ ಎಂದು ಹೇಳಿ ನೀರಿನ ಬಿಲ್ಲಿನ ವಿಷಯಕ್ಕೆ ಹೊರಳಿದರು. ನನ್ನ ಮಗಳು ರಾತ್ರಿ ಒಂಬತ್ತರ ಮೇಲೆ ಕೆಲಸ ಮುಗಿಸಿ ಬರುತ್ತಾಳೆ, ನನಗೆ ಆತಂಕ. ಈ ಮೂವರಲ್ಲಿ ಯಾರನ್ನು ನಂಬುವುದು? ಅಷ್ಟಕ್ಕೂ ಮತವೇ ಇಲ್ಲದವರಿಗಾಗಿ ಯಾವ ಅಭ್ಯರ್ಥಿ ತಲೆ ಕೆಡಿಸಿಕೊಳ್ಳುತ್ತಾನೆ?
— ಓದುಗರೊಬ್ಬರು, ಬಿಜೈ, ಮಂಗಳೂರು

ಸಂಪಾದಕರ ಉತ್ತರ:

ಪೊಲೀಸರಿಗೆ ಹೇಳುತ್ತೇನೆ ಎಂದವರನ್ನೇ ಮೊದಲು ವಿಚಾರಿಸೋಣ. ಯಾವ ಅಧಿಕಾರದಿಂದ ಹೇಳುತ್ತಾರೆ? 2010ರಲ್ಲಿ ಆರಂಭವಾದ ನಮ್ಮ ಪೊಲೀಸ್ ಕಮಿಷನರೇಟ್ ಇರುವುದು ರಾಜ್ಯ ಗೃಹ ಇಲಾಖೆಯ ಕೆಳಗೆ. ಮೇಯರ್ ಕೂಡ ಒಬ್ಬ ಕಾನ್‌ಸ್ಟೆಬಲ್‌ನ ಬೀಟ್ ಬದಲಿಸಲಾರರು. ಕಾರ್ಪೊರೇಟರ್ ಮಾತಂತೂ ದೂರ ಉಳಿಯಿತು. ಸಂವಿಧಾನದ 74ನೇ ತಿದ್ದುಪಡಿಯೊಂದಿಗೆ ಬಂದ 12ನೇ ಅನುಸೂಚಿಯಲ್ಲಿ ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಿವೆ. ಅದರಲ್ಲಿ ಪೊಲೀಸ್ ಇಲ್ಲ. ಬೀದಿದೀಪ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯ, ನಗರದ ಬಡತನ ನಿವಾರಣೆ, ದುರ್ಬಲ ವರ್ಗಗಳ ಹಿತರಕ್ಷಣೆ ಇವೆ. ತನ್ನ ಕೈಯಲ್ಲಿ ಇಲ್ಲದ್ದಕ್ಕೆ ಒಂದು ವಾರದ ಗಡುವು ಕೊಟ್ಟ ಮಹನೀಯರು ತನ್ನ ಕೈಗೆ ಬರಲಿರುವುದರ ಬಗ್ಗೆ ಬಾಯಿ ಬಿಡಲಿಲ್ಲ ಎಂದಾಯಿತು.

ತೆರವು ಮಾಡಿಸಿ ಎಲ್ಲಿಗೆ ಕಳಿಸುತ್ತಾರಂತೆ? ‘ಪಚ್ಚನಾಡಿಗೆ’ ಎಂಬ ಉತ್ತರ ಬರಬಹುದು. ಅಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರವಿದೆ, ನಿಜ. ಆದರೆ ಅದರ ಹಿಂದಿರುವ ಕಾನೂನು 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ. ಅದು ಬೇಡುವುದನ್ನು ನಿಷೇಧಿಸುತ್ತದೆ, ಮಲಗುವುದನ್ನಲ್ಲ. ಹಗಲಿಡೀ ಕಾಂಕ್ರೀಟ್ ಹೊತ್ತು ರಾತ್ರಿ ಜಗಲಿಯಲ್ಲಿ ಮೈಚಾಚಿದ ಬಾಗಲಕೋಟೆಯ ಅಥವಾ ಕೊಪ್ಪಳದ ಕೂಲಿಯವನನ್ನು ಭಿಕ್ಷುಕನೆಂದು ವ್ಯಾನಿಗೆ ಹತ್ತಿಸುವುದು ಕಾನೂನಿಗೂ ಒಗ್ಗದು, ಮರ್ಯಾದೆಗೂ ಒಗ್ಗದು. ಹಾಗೆಯೇ ನಿಮ್ಮ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ: ಗ್ರಂಥಾಲಯ ಕರದ ಆಸುಪಾಸಿನಲ್ಲಿ ಭಿಕ್ಷುಕರ ಕರ ಎಂದು ಶೇ 3 ಇರುತ್ತದೆ. ನೀವು ಪ್ರತಿವರ್ಷ ಕಟ್ಟುತ್ತಿರುವ ಹಣ ಅದು. ಪಾಲಿಕೆ ಎಷ್ಟು ವಸೂಲು ಮಾಡಿದೆ, ಅದರಲ್ಲಿ ಎಷ್ಟನ್ನು ಆ ಕೆಲಸಕ್ಕೆ ದಾಟಿಸಿದೆ ಎಂದು ಈ ಮೂವರನ್ನೂ ಕೇಳಬಹುದಿತ್ತು.

ಇನ್ನು ಮಲಗುವವರು ಯಾರು ಎಂಬುದು. ನೀವು ಎಲ್ಲರನ್ನೂ ‘ಜಗಲಿಗಳಲ್ಲಿ ಮಲಗುವವರು’ ಎಂದು ಒಂದೇ ಉಸಿರಿನಲ್ಲಿ ಬರೆದಿರಿ. ನನ್ನ ತಕರಾರು ಇರುವುದು ಅಲ್ಲಿಯೇ. ವೆನ್‌ಲಾಕ್ ಆಸ್ಪತ್ರೆಯ ಸುತ್ತ ಮಲಗುವವರಲ್ಲಿ ಅನೇಕರು ರೋಗಿಗಳ ಜೊತೆಗೆ ಬಂದವರು. ಕಾಸರಗೋಡಿನಿಂದಲೂ ಘಟ್ಟದ ಮೇಲಿನಿಂದಲೂ ಬಂದ ಅವರಿಗೆ ಊರಿನಲ್ಲಿ ಮನೆ ಇದೆ, ಇಲ್ಲಿ ಲಾಡ್ಜಿಗೆ ಕೊಡಲು ದುಡ್ಡಿಲ್ಲ, ಅಷ್ಟೇ. ಬಂದರಿನ ದಕ್ಕೆಯಲ್ಲಿ ದುಡಿಯುವ ಹೊರರಾಜ್ಯದವರು ಅನೇಕರು ಬೋಟಿನಲ್ಲೇ ರಾತ್ರಿ ಕಳೆಯುತ್ತಾರೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆಯಲ್ಲಿ ಬಹುಮಂದಿ ಊರಿಗೆ ಹೋಗಿಬಿಡುತ್ತಾರೆ. ಆ 61 ದಿನಗಳಲ್ಲಿ ಪಾಲಿಕೆ ಸಮೀಕ್ಷೆ ಮಾಡಿದರೆ ಬರುವ ಲೆಕ್ಕವೇ ಬೇರೆ, ಜನವರಿಯಲ್ಲಿ ಬರುವ ಲೆಕ್ಕವೇ ಬೇರೆ. ಮನೆಯವರಿಂದ ದೂರವಾದ ಮುದುಕರಿದ್ದಾರೆ. ಯಾವುದೋ ರೈಲು ಹತ್ತಿ ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು ತನ್ನೂರಿನ ಹೆಸರೇ ಹೇಳಲಾಗದ ಮನೋರೋಗಿಗಳಿದ್ದಾರೆ. ಪೊಲೀಸರಿಗೆ ನಿಜವಾಗಿ ಕೆಲಸವಿರುವುದು ಇವರ ವಿಷಯದಲ್ಲಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಇಂಥವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರಕಾರಿ ಆರೋಗ್ಯ ಸಂಸ್ಥೆಗೆ ಮುಟ್ಟಿಸಬೇಕಾದುದು ಠಾಣೆಯ ಹೊಣೆ. ನಿಮ್ಮ ಮೊದಲ ಆಕಾಂಕ್ಷಿ ಈ ಒಂದು ಮಾತು ಹೇಳಿದ್ದರೆ ನಾನು ಕೈ ಮುಗಿಯುತ್ತಿದ್ದೆ.

ನಿಮ್ಮ ಮಗಳ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಆದರೆ ಅವಳನ್ನೇ ಕೇಳಿ ನೋಡಿ, ಹೆದರಿಕೆ ಮಲಗಿದವರದೋ, ದೀಪವಿಲ್ಲದ ತಿರುವಿನದೋ? ಚರಂಡಿಯ ಚಪ್ಪಡಿ ಎದ್ದುಹೋದ ಕಾಲುದಾರಿಯಲ್ಲಿ ಮಳೆಗಾಲದ ರಾತ್ರಿ ಕಾಲಿಡುವುದು ಯಾವ ಹೆಣ್ಣುಮಗಳಿಗೂ ಸುಲಭವಲ್ಲ. ಒಂಬತ್ತರ ನಂತರ ಸಿಟಿ ಬಸ್ಸುಗಳು ವಿರಳ. ಅವುಗಳ ಪರ್ಮಿಟ್ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಸಾರಿಗೆ ಪ್ರಾಧಿಕಾರದ ಕೈಯಲ್ಲಿದೆ, ಪಾಲಿಕೆಯಲ್ಲಿಲ್ಲ. ದೀಪ ಮತ್ತು ಚಪ್ಪಡಿ ಮಾತ್ರ ಪೂರ್ತಿಯಾಗಿ ಲಾಲ್‌ಬಾಗ್‌ನ ಪಾಲಿಕೆ ಕಚೇರಿಯದ್ದು. ಸಿಸಿ ಕ್ಯಾಮೆರಾದವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕತ್ತಲೆಗೆ ಕ್ಯಾಮೆರಾ ಹಾಕಿದರೆ ಕತ್ತಲೆಯೇ ರೆಕಾರ್ಡ್ ಆಗುತ್ತದೆ. ಅಂದಹಾಗೆ, ಜಗಲಿಯಲ್ಲಿ ಮಗುವಿನೊಂದಿಗೆ ಮಲಗುವ ಹೆಂಗಸೂ ‘ಸಾರ್ವಜನಿಕ ಸುರಕ್ಷತೆ’ಯ ಸಾರ್ವಜನಿಕರಲ್ಲಿ ಒಬ್ಬಳು. ಇಡೀ ರಾತ್ರಿ ಬೀದಿಯಲ್ಲಿರುವವಳು ಅವಳೇ.

ಮೂರನೆಯವರ ಮರುಕ ನನಗೆ ಸಾಲದು. ಮರುಕಕ್ಕೆ ಬಜೆಟ್‌ನಲ್ಲಿ ಶೀರ್ಷಿಕೆ ಇಲ್ಲ, ರಾತ್ರಿ ವಸತಿಗೆ ಇರಬೇಕು. ಲಕ್ಷ ಜನಸಂಖ್ಯೆಗೆ ನೂರು ಮಂದಿಯ ಒಂದು ವಸತಿರಹಿತರ ಆಶ್ರಯ, ತಲೆಗೆ 50 ಚದರ ಅಡಿ, ವರ್ಷವಿಡೀ ಹಗಲುರಾತ್ರಿ ತೆರೆದ ಬಾಗಿಲು: ಸುಪ್ರೀಂ ಕೋರ್ಟ್ ಆದೇಶಗಳ ಹಿನ್ನೆಲೆಯಲ್ಲಿ ಕೇಂದ್ರ ಸರಕಾರ 2013ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುವುದು ಇದನ್ನು. 2011ರ ಜನಗಣತಿಯಂತೆ ನಾವು ಐದು ಲಕ್ಷದ ಆಸುಪಾಸು, ಅಂದರೆ ಐದು ಆಶ್ರಯಗಳು. ಆಶ್ರಯ ಎಲ್ಲಿರಬೇಕು ಎಂಬುದನ್ನೂ ಅದೇ ಮಾರ್ಗಸೂಚಿ ಹೇಳುತ್ತದೆ: ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳ ಹತ್ತಿರ. ಬೆಳಿಗ್ಗೆ ಆರಕ್ಕೆ ಕೂಲಿಗೆ ನಿಲ್ಲಬೇಕಾದವನು ಊರಾಚೆಯ ಕಟ್ಟಡದಲ್ಲಿ ಮಲಗಿ ಬಸ್ಸಿಗೆ ಕಾಯುತ್ತಾ ಕೂರಲಾರ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು; ಮಳೆ ಜಡಿಯುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಜಗಲಿಯೂ ಒದ್ದೆ.

ಆದ್ದರಿಂದ ಮುಂದಿನ ಸಭೆಯಲ್ಲಿ ಹೀಗೆ ಕೇಳಿ: ನಿಮ್ಮ ವಾರ್ಡಿಗೆ ಹತ್ತಿರದ ರಾತ್ರಿ ವಸತಿ ಎಲ್ಲಿದೆ, ಹೆಂಗಸರಿಗೆ ಬೇರೆ ಕೋಣೆ ಇದೆಯೇ, ಆಧಾರ್ ಇಲ್ಲದವರನ್ನು ಒಳಗೆ ಬಿಡುತ್ತಾರೆಯೇ? ಗೆದ್ದರೆ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯಲ್ಲಿ ಜಾಗ ಕೇಳುತ್ತೀರೋ, ಎಲ್ಲರಂತೆ ನಗರ ಯೋಜನಾ ಸಮಿತಿಗೇ ಆಸೆಪಡುತ್ತೀರೋ? ಹತ್ತು ಸದಸ್ಯರ ವಾರ್ಡ್ ಸಮಿತಿಗೆ ಕಾರ್ಪೊರೇಟರೇ ಅಧ್ಯಕ್ಷರು, ಅದರ ಸಭೆಯನ್ನು ತಪ್ಪದೆ ಕರೆಯುತ್ತೀರೋ? ಉತ್ತರ ಗೊತ್ತಿಲ್ಲದವರು ತಿಳಿದುಕೊಂಡು ಮತ್ತೆ ಬಂದರೆ ಅವರಿಗೆ ನನ್ನ ಮಟ್ಟಿಗೆ ಒಂದು ಅಂಕ ಹೆಚ್ಚು. ಸಮಯವಂತೂ ಧಾರಾಳವಾಗಿ ಸಿಕ್ಕಿತ್ತು. ಹಿಂದಿನ ಪರಿಷತ್ತಿನ ಅವಧಿ ಮುಗಿದದ್ದು 2025ರ ಫೆಬ್ರವರಿಯಲ್ಲಿ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ, ಆದರೆ ಚುನಾವಣೆ ಆಗದೆ ಆಡಳಿತಾಧಿಕಾರಿ ಬಂದು ಕುಳಿತರು. 2019ರಲ್ಲೂ ಹೀಗೆಯೇ ಆಗಿತ್ತು.

ಕೊನೆಯದು, ‘ಮತವೇ ಇಲ್ಲದವರು’ ಎಂಬ ಮಾತು. ಮನೆ ಇಲ್ಲದಿದ್ದರೆ ಮತವಿಲ್ಲ ಎಂಬ ನಿಯಮ ಎಲ್ಲೂ ಇಲ್ಲ. ಅಂಥವರು ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ರಲ್ಲಿ ತಾವು ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಬೂತ್ ಮಟ್ಟದ ಅಧಿಕಾರಿ ರಾತ್ರಿ ಅಲ್ಲಿಗೆ ಹೋಗಿ ನೋಡಬೇಕು, ಒಂದಕ್ಕಿಂತ ಹೆಚ್ಚು ರಾತ್ರಿ ಅವರು ಅಲ್ಲೇ ಕಂಡರೆ ಬೇರೆ ವಿಳಾಸ ದಾಖಲೆ ಬೇಡ ಎಂದು ಚುನಾವಣಾ ಆಯೋಗವೇ ಸೂಚಿಸಿದೆ. ಪಾಲಿಕೆಯ ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಕೊಪ್ಪಳದಲ್ಲಿ ಹೆಸರಿರುವ ಕೂಲಿಯವರಿಗೆ ಇದು ಅನ್ವಯಿಸದು, ಎರಡು ಕಡೆ ಹೆಸರಿರುವಂತಿಲ್ಲ. ಹತ್ತಾರು ವರ್ಷಗಳಿಂದ ಇಲ್ಲೇ ಇರುವವರಿಗೆ ಅನ್ವಯಿಸುತ್ತದೆ. ನಿಮ್ಮ ಬೂತಿನ ಅಧಿಕಾರಿ ಯಾರೆಂದು ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿ ಕೇಳಿ. ನಮೂನೆಯನ್ನು ತುಂಬಲು ನಿಮ್ಮ ಸಂಘದ ಹುಡುಗರೇ ನೆರವಾಗಬಹುದು.