ಇಳಕಲ್ ಸೀರೆ ಪೇಜಿಗೆ ಏನು ಬರೆಯೋದು ಅಂತ ಕೇಳಿದ ಅಕ್ಕನಿಗೆ

ಅಕ್ಕಾ, ಇಳಕಲ್ ಸೀರೆಗೆ ಇನ್‌ಸ್ಟಾಗ್ರಾಂ ಪೇಜ್ ಶುರು ಮಾಡಿದೀನಿ, ಮನಸ್ಸಿಗೆ ತಾಕೋ ಹಾಗೆ ಬರಿ ಅಂತ ಎಲ್ಲರೂ ಹೇಳ್ತಾರೆ, ಹೇಗೆ ಬರೆಯೋದು ಅಂತ ಕೇಳಿದೀರಿ. 2017ರಿಂದ ನಾನೂ ಇದೇ ಕೆಲಸದಲ್ಲಿದೀನಿ. ನಾನು ಕಂಡದ್ದು ಹೇಳ್ತೀನಿ.

ನೇಕಾರರ ಬಡತನ ತೋರಿಸಿ ಮಾತ್ರ ಸೀರೆ ಮಾರಬೇಡಿ. ನಾನು ಆ ತಪ್ಪು ಮಾಡಿದೀನಿ. ಮಗ್ಗದ ಗುಂಡಿಯಲ್ಲಿ ಕೂತ ಅಜ್ಜನ ಸುಕ್ಕುಗಟ್ಟಿದ ಕೈ ಫೋಟೊ ಹಾಕಿ, ಕೆಳಗೆ "ನೀವು ಕೊಂಡರೆ ಇವರ ಒಲೆ ಉರಿಯುತ್ತೆ" ಅಂತ ಬರೆದೆ. ಲೈಕ್ ಬೇಕಾದಷ್ಟು ಬಂದವು. ಮುಂದಿನ ವಾರ ಅವರ ಮನೆಗೆ ಹೋದರೆ ಸೊಸೆ ಮೊಬೈಲ್ ನನ್ನ ಮುಂದೆ ಹಿಡಿದು, "ನಮ್ಮ ಮನ್ಯಾಗ ಒಲಿ ಉರಿಯಂಗಿಲ್ಲೇನ್ರಿ?" ಅಂದಳು. ಅಜ್ಜ ಏನೂ ಅನ್ನಲಿಲ್ಲ, ನೇಯ್ತಾನೇ ಇದ್ದರು. ಅಲ್ಲೇ ಕೂತು ಆ ಪೋಸ್ಟ್ ಅಳಿಸಿದೆ.

ಈಗ ಅಜ್ಜನ ಕೆಲಸ ಬರೀತೀನಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟೋ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸ್ತಾರಲ್ಲ, ಆ ಜಾಗಕ್ಕೆ ಬೆರಳಿಟ್ಟು ಹತ್ತಿರದಿಂದ ಫೋಟೊ ತೆಗೀರಿ. ಕೆಳಗೆ ಇಷ್ಟು ಸಾಕು: "ಒಡಲು ಹತ್ತಿ, ಸೆರಗು ರೇಷ್ಮೆ, ದಡಿ ಚಿಕ್ಕಿ ಪರಾಸ. ಬೆರಳಿಟ್ಟಲ್ಲಿ ನೋಡಿ, ಕೊಂಡಿ." (ಚಿಕ್ಕಿ ಪರಾಸ ಅಂದ್ರೆ ದಡಿಯ ಒಂದು ವಿನ್ಯಾಸ.) ಟೋಪತೆನಿ ಅನ್ನೋ ಹಳೇ ವಿನ್ಯಾಸದ ಸೆರಗಿನ ಇಂಥದ್ದೇ ಒಂದು ಫೋಟೊಗೆ "ನಮ್ಮವ್ವ ಇದನ್ನೇ ಉಡ್ತಿದ್ಲು" ಅಂತ ಒಬ್ಬರು ಬರೆದರು. ಅದರ ಕೆಳಗೆ ಇನ್ನೂ ಹತ್ತು ಜನ ಅವರವರ ಅವ್ವನ ಮಾತು ಬರೆದರು. ನಾನು ಕೂತು ಯೋಚಿಸಿ ಬರೆದ ಯಾವ ಸಾಲಿಗೂ ಅಂಥ ಉತ್ತರ ಬಂದಿರಲಿಲ್ಲ. ಸೆರಗು ಕೃತಕ ರೇಷ್ಮೆಯದಾದರೆ ಅದನ್ನೂ ಬರೆದುಬಿಡಿ.

ಇಂಗ್ಲೆಂಡಿನ ಬಟ್ಟೆ ಕಂಪನಿ ಬರ್ಬೆರಿಯವರು 2009ರಲ್ಲಿ "ಆರ್ಟ್ ಆಫ್ ದ ಟ್ರೆಂಚ್" ಅಂತ ಜಾಲತಾಣ ಮಾಡಿ, ತಮ್ಮ ಟ್ರೆಂಚ್ ಕೋಟ್ (ಮಳೆಗೆ ಹಾಕೋ ಉದ್ದ ಕೋಟು) ಹಾಕಿಕೊಂಡ ಜನಸಾಮಾನ್ಯರ ಫೋಟೊಗಳನ್ನೇ ಅಲ್ಲಿ ಹಾಕಿದ್ದರು. ನೀವೂ ಗಿರಾಕಿಗಳಿಗೆ ಅವ್ವನ, ಅಜ್ಜಿಯ ಹಳೇ ಇಳಕಲ್ ಸೀರೆ ಫೋಟೊ ಕಳಿಸಿ ಅಂತ ಕೇಳಿ. ಹಾಕೋ ಮೊದಲು ಅವರ ಒಪ್ಪಿಗೆ ತಗೊಳ್ಳಿ.

ಊರಿಗೆ ಕಷ್ಟ ಬಂದಾಗ ವ್ಯಾಪಾರದ ಮಾತು ಬೇಡ. 2011ರ ಫೆಬ್ರುವರಿಯಲ್ಲಿ ಈಜಿಪ್ಟಿನ ಕೈರೋದಲ್ಲಿ ಜನ ಬೀದಿಗಿಳಿದು ಹೋರಾಡ್ತಿದ್ದಾಗ, ಅಮೆರಿಕದ ಫ್ಯಾಷನ್ ಡಿಸೈನರ್ ಕೆನೆತ್ ಕೋಲ್ ಅವರು ಆ ಗಲಾಟೆಗೆಲ್ಲ ತಮ್ಮ ಹೊಸ ಬಟ್ಟೆಗಳೇ ಕಾರಣ ಅನ್ನೋ ಹಾಗೆ ಟ್ವೀಟ್ ಮಾಡಿದರು. ಜನ ಸಿಟ್ಟಿಗೆದ್ದ ಮೇಲೆ ಕ್ಷಮೆ ಕೇಳಬೇಕಾಯ್ತು. 2019ರ ಆಗಸ್ಟಿನಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಊರುಗಳಿಗೆ ಹೊಳೆ ನೀರು ನುಗ್ಗಿದಾಗ, ಮೊದಲೇ ಟೈಮ್ ಇಟ್ಟಿದ್ದ ಪೋಸ್ಟ್‌ಗಳನ್ನೆಲ್ಲ ನಾನು ತೆಗೆದೆ. ಅವುಗಳಲ್ಲಿ "ಮಳೆಗಾಲದ ಆಫರ್" ಅಂತಲೂ ಒಂದಿತ್ತು. ಗಮನಿಸದೆ ಬಿಟ್ಟಿದ್ದರೆ ಏನಾಗ್ತಿತ್ತೋ ಅಂತ ಈಗಲೂ ಎದೆ ಝಲ್ ಅನ್ನುತ್ತೆ.

ದೂರು ಬಂದಾಗ ನಾವು ಆಡೋ ಮಾತನ್ನ ಎಲ್ಲರೂ ಓದ್ತಾರೆ. "ಮೊದಲ ಸಲ ತೊಳೆದಾಗಲೇ ಬಣ್ಣ ಬಿಟ್ಟಿತು" ಅಂದವರಿಗೆ ಕೈಮುಗಿಯೋ ಎಮೋಜಿ, ಕೆಂಪು ಹೃದಯ ಕಳಿಸಿದರೆ ಇನ್ನೂ ಉರಿಯುತ್ತೆ. ಇನ್‌ಬಾಕ್ಸಿಗೆ ಬನ್ನಿ ಅಂತಷ್ಟೇ ಹೇಳಿದರೂ ಮುಚ್ಚಿಡ್ತಿದಾರೆ ಅನಿಸುತ್ತೆ. ನಾನು ಅಲ್ಲೇ ಹೀಗೆ ಬರೀತೀನಿ: "ಹೀಗಾಗಬಾರದಿತ್ತು ಅಕ್ಕಾ. ಸೆರಗಿನ ಫೋಟೊ ಕಳಿಸಿ. ನೇಯ್ದವರನ್ನ ಕೇಳಿ ನಾಳೆ ಸಂಜೆಯೊಳಗೆ ಹೇಳ್ತೀನಿ. ಬೇಡವಾದರೆ ದುಡ್ಡು ವಾಪಸ್." ಹೇಳಿದ ಹೊತ್ತಿಗೆ ಹೇಳಲೇಬೇಕು.

ನೀವು ಬರೆದ ಮೊದಲ ಎರಡು ಮೂರು ಪೋಸ್ಟ್ ಇಲ್ಲೇ ಹಾಕಿ, ಕೊಂಡಿಯ ಫೋಟೊ ಸಮೇತ. ರಾತ್ರಿ ಒಂಬತ್ತರ ಮೇಲೆ ಕೂತು ನೋಡಿ ಹೇಳ್ತೀನಿ.