ಪ್ರಶ್ನೋತ್ತರ: ಕೈದಿಗಳ ಕೇಕೆ, ನ್ಯಾಶ್‌ವಿಲ್ಲಿನ ಅಂಕಿ, ಕುಂಯ್‌ಗುಡುವ ಮೈಕು

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಕಂಟ್ರಿ ಮತ್ತು ರಾಕ್ ಸಂಗೀತದವರ ವೇದಿಕೆ ಕಾರ್ಯಕ್ರಮಗಳ ಬಗ್ಗೆಯೇ ಇದ್ದವು. ಆರನ್ನು ಆರಿಸಿಕೊಂಡಿದ್ದೇವೆ.

ಜಾನಿ ಕ್ಯಾಶ್ ಜೈಲಿನಲ್ಲಿ ಹಾಡಿದ ಆಲ್ಬಮ್ಮಿನಲ್ಲಿ, ರೀನೋ ಊರಿನಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದೆ ಎಂಬ ಸಾಲಿಗೆ ಕೈದಿಗಳು ಕೇಕೆ ಹಾಕುತ್ತಾರೆ. ಅದು ನಿಜವಾಗಿ ಆದದ್ದೇ?
– ಓದುಗರು, ಧಾರವಾಡ

ಇಲ್ಲ. ಆ ಕೇಕೆಯನ್ನು ಆಮೇಲೆ ಸ್ಟುಡಿಯೋದಲ್ಲಿ ಟೇಪಿಗೆ ಸೇರಿಸಿದರು. ಕ್ಯಾಶ್ ಕ್ಯಾಲಿಫೋರ್ನಿಯಾದ ಫಾಲ್ಸಮ್ ಜೈಲಿನ ಊಟದ ಕೋಣೆಯಲ್ಲಿ ಹಾಡಿದ್ದು 1968ರ ಜನವರಿ 13ರಂದು. ಸುತ್ತ ಕಾವಲಿನವರು ನಿಂತಿರುವಾಗ ಕೊಲೆಯ ಸಾಲಿಗೆ ಕುಣಿದಾಡುವಷ್ಟು ದಡ್ಡರಲ್ಲ ಕೈದಿಗಳು. ಶುರುವಿನಲ್ಲಿ ಕ್ಯಾಶ್ ತಮ್ಮ ಹೆಸರು ಹೇಳಿದ ಕೂಡಲೇ ಎದ್ದೇಳುವ ಗದ್ದಲ ಮಾತ್ರ ಅಲ್ಲಿಯದೇ. ಅದರಲ್ಲೂ ಒಂದು ಗುಟ್ಟಿದೆ: ಅವರು ಹೆಸರು ಹೇಳುವವರೆಗೆ ಯಾರೂ ಚಪ್ಪಾಳೆ ತಟ್ಟಬಾರದೆಂದು ನಿರೂಪಕರು ಮೊದಲೇ ತಾಕೀತು ಮಾಡಿದ್ದರು. ತಡೆದಿಟ್ಟದ್ದು ಒಮ್ಮೆಗೇ ಒಡೆಯಿತು.

ಅವತ್ತು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಹೀಗೆ ಎರಡು ಕಾರ್ಯಕ್ರಮ ನಡೆದವು. ಮೊದಲನೆಯದು ಕೆಟ್ಟರೆ ಇರಲಿ ಎಂದು ಎರಡನೆಯದು. ಆದರೆ ಅಷ್ಟು ಹೊತ್ತಿಗೆ ಎಲ್ಲರೂ ದಣಿದಿದ್ದರಿಂದ ಆಲ್ಬಮ್ಮಿಗೆ ಹೋದದ್ದು ಬಹುಪಾಲು ಬೆಳಗಿನದೇ. 2008ರಲ್ಲಿ ಬಂದ ಆವೃತ್ತಿಯಲ್ಲಿ ಎರಡೂ ಇವೆ, ಹೋಲಿಸಿ ಕೇಳಬಹುದು. ಒಂದು ಕೇಕೆ ಅಂಟಿಸಿದ್ದಕ್ಕೆ ಇಡೀ ಮುದ್ರಣವೇ ನಕಲಿ ಎನ್ನುವುದನ್ನು ನಾವು ಒಪ್ಪುವುದಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಗ್ಲೆನ್ ಶರ್ಲಿ ಎಂಬ ಕೈದಿ ಬರೆದ ಹಾಡನ್ನು ಕ್ಯಾಶ್ ಹಿಂದಿನ ರಾತ್ರಿಯಷ್ಟೇ ಕೇಳಿ ಕಲಿತು ಅಲ್ಲಿ ಹಾಡಿದರು. ಅದು ಸ್ಟುಡಿಯೋದಲ್ಲಿ ಹುಟ್ಟುವಂಥದ್ದಲ್ಲ. ಮಾತ್ರೆಗಳ ಚಟದಲ್ಲಿ ಕುಸಿದಿದ್ದ ಅವರ ವೃತ್ತಿಯನ್ನು ಎತ್ತಿ ನಿಲ್ಲಿಸಿದ್ದೂ ಇದೇ ಆಲ್ಬಮ್. ಮರುವರ್ಷ ಸ್ಯಾನ್ ಕ್ವೆಂಟಿನ್ ಜೈಲಿನ ಕಾರ್ಯಕ್ರಮ, ಅದರ ಬೆನ್ನಿಗೇ ಟೀವಿ ಷೋ.

ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ಲಿನ ವಾದಕರು ರಿಹರ್ಸಲ್ಲೇ ಇಲ್ಲದೆ, ಬರೀ ಅಂಕಿ ಬರೆದ ಹಾಳೆ ನೋಡಿ ನುಡಿಸುತ್ತಾರಂತೆ. ನಮ್ಮ ಕಾಲೇಜು ಬ್ಯಾಂಡಿಗೂ ಇದು ಆಗುತ್ತದೆಯೇ?
– ಗಿಟಾರ್ ವಿದ್ಯಾರ್ಥಿ, ಮೈಸೂರು

ಧಾರಾಳವಾಗಿ. ಎಲ್ವಿಸ್‌ಗೆ ಹಿಮ್ಮೇಳ ಹಾಡುತ್ತಿದ್ದ ಜಾರ್ಡನೇರ್ಸ್ ತಂಡದ ನೀಲ್ ಮ್ಯಾಥ್ಯೂಸ್ 1950ರ ದಶಕದ ಕೊನೆಯಲ್ಲಿ ತಮ್ಮ ಗಾಯನಕ್ಕೆಂದು ಮಾಡಿಕೊಂಡ ಗುರುತುಗಳಿವು. ಚಾರ್ಲಿ ಮೆಕಾಯ್‌ರಂಥ ವಾದಕರು ಅವನ್ನೇ ಹಿಡಿದು ಬೆಳೆಸಿದರು. ಶ್ರುತಿ ಯಾವುದಿದ್ದರೂ ಸ ಸ‌ವೇ, ಪ ಪ‌ವೇ ಎಂದು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೀಯ (ಹಾಡಿನ ಶ್ರುತಿಯ) ಎಷ್ಟನೆಯ ಸ್ವರದ ಮೇಲೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಟ್ಟಬೇಕೆಂಬುದನ್ನು ಅಂಕಿ ಹೇಳುತ್ತದೆ. ಜಿ ಕೀಯಲ್ಲಿ 1 ಎಂದರೆ ಜಿ, 4 ಎಂದರೆ ಸಿ, 5 ಎಂದರೆ ಡಿ. ಮೈನರ್ ಕಾರ್ಡಿಗೆ ಪಕ್ಕದಲ್ಲೊಂದು ಅಡ್ಡಗೀಟು: 6- ಎಂದರೆ ಇ ಮೈನರ್.

ಒಂದು ಅಂಕಿ ಎಂದರೆ ಒಂದು ಬಾರ್, ಅಂದರೆ ತಾಳದ ಒಂದು ಸುತ್ತು. ಒಂದೇ ಬಾರಿನಲ್ಲಿ ಎರಡು ಕಾರ್ಡ್ ಬಂದರೆ ಎರಡನ್ನೂ ಸೇರಿಸಿ ಅಡಿಗೆರೆ ಎಳೆಯಿರಿ. ಒಮ್ಮೆ ಬಾರಿಸಿ ಹಾಗೇ ಮೊಳಗಲು ಬಿಡುವ ಕಾರ್ಡಿನ ಸುತ್ತ ಇಸ್ಪೀಟಿನ ಡೈಮಂಡ್ ಆಕಾರ. ಸಾಲಿಗೆ ನಾಲ್ಕೇ ಬಾರ್ ಬರೆದರೆ ಕಣ್ಣು ತಪ್ಪುವುದಿಲ್ಲ.

ಎಡವುವುದು ಎರಡು ಕಡೆ. ಮೈನರ್ ಕೀಯ ಹಾಡಿನಲ್ಲಿ ಮನೆ ಕಾರ್ಡನ್ನು ಕೆಲವರು 1- ಎಂದು, ಕೆಲವರು 6- ಎಂದು ಬರೆಯುತ್ತಾರೆ. ಹಾಳೆಯ ತಲೆಯಲ್ಲೇ ಅದನ್ನು ನಿರ್ಧರಿಸಿಕೊಳ್ಳದಿದ್ದರೆ ಮೊದಲ ಬಾರಿನಲ್ಲೇ ಬೇಸ್ ಒಂದು ದಾರಿ, ಗಿಟಾರ್ ಇನ್ನೊಂದು ದಾರಿ. ಎರಡನೆಯದು ಕೇಪೋ, ಅಂದರೆ ಗಿಟಾರಿನ ಕತ್ತಿಗೆ ಹಾಕಿ ಎಲ್ಲ ತಂತಿಗಳ ಶ್ರುತಿ ಏರಿಸುವ ಕ್ಲಿಪ್ಪು. ಎ ಕೀಯ ಹಾಡನ್ನು ಗಾಯಕಿಗಾಗಿ ಅರ್ಧ ಸ್ವರ ಇಳಿಸಿ ಎ ಫ್ಲಾಟ್ ಮಾಡಿದಿರಿ ಎನ್ನಿ. ಹಾಳೆ ಬದಲಾಗುವುದಿಲ್ಲ, ಆದರೆ ಒಂದೇ ಬೆರಳಿನಿಂದ ತಂತಿಗಳನ್ನೆಲ್ಲ ಅಡ್ಡ ಒತ್ತುವ ಬ್ಯಾರೆ ಕಾರ್ಡ್ ಹಿಡಿದರೆ ತೆರೆದ ತಂತಿಗಳ ಆ ಕಂಟ್ರಿ ಸದ್ದೇ ಹೋಯಿತು. ಕೇಪೋವನ್ನು ಮೊದಲ ಫ್ರೆಟ್ಟಿಗೆ ಹಾಕಿ ಜಿ ಆಕಾರಗಳನ್ನು ಹಿಡಿಯಿರಿ.

ಸಭಾಂಗಣದಲ್ಲಿ ಹಾಡು, ಅಕೂಸ್ಟಿಕ್ ಗಿಟಾರ್ ಎರಡನ್ನೂ ಸ್ವಲ್ಪ ಏರಿಸಿದರೆ ಸಾಕು, ಮೈಕು ಕುಂಯ್ ಎನ್ನುತ್ತದೆ. ಸೌಂಡಿನವರು ಮೈಕೇ ಸರಿಯಿಲ್ಲ ಎನ್ನುತ್ತಾರೆ.
– ಐದು ಜನರ ಬ್ಯಾಂಡ್, ಹುಬ್ಬಳ್ಳಿ

ಮೈಕಿನ ತಪ್ಪು ಅಪರೂಪ. ಸ್ಪೀಕರಿನ ಸದ್ದು ಮೈಕಿಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು, ಸುತ್ತಿ ಸುತ್ತಿ ಒಂದೇ ಸ್ವರ ಕೊಬ್ಬುವುದರಿಂದ ಇದು ಆಗುತ್ತದೆ. ಆ ಸುತ್ತನ್ನು ಕಡಿಯಬೇಕು.

ಮೊದಲು ಜಾಗ. ದೊಡ್ಡ ಸ್ಪೀಕರುಗಳು ಮೈಕುಗಳಿಗಿಂತ ಮುಂದೆ, ಜನರ ಕಡೆಗೆ ಇರಬೇಕು. ಗಾಯಕರಿಗೆ ತಮ್ಮ ಹಾಡು ಕೇಳಿಸಲೆಂದು ಕಾಲಬುಡದಲ್ಲಿಡುವ ಸ್ಪೀಕರನ್ನು, ಅಂದರೆ ಮಾನಿಟರನ್ನು, ಎಲ್ಲಿಡಬೇಕೆಂಬುದು ಮೈಕಿನ ಮೇಲೆ ನಿಂತಿದೆ. ಶ್ಯೂರ್ ಎಸ್‌ಎಂ 58ರಂಥದ್ದಕ್ಕೆ ನೇರ ಹಿಂದುಗಡೆ ಕಿವುಡು. ಮಾನಿಟರ್ ಅಲ್ಲೇ ಇರಲಿ. ಬೀಟಾ 58ಎ ಆದರೆ ನೇರ ಹಿಂದೆ ಅಷ್ಟಿಷ್ಟು ಕೇಳಿಸುತ್ತದೆ, ಕಿವುಡಿರುವುದು ಹಿಂಬದಿಯ ಎರಡು ಓರೆಗಳಲ್ಲಿ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿಯುವ ಗಾಯಕರು ಈ ಕಿವುಡನ್ನೇ ಕೆಡಿಸಿಬಿಡುತ್ತಾರೆ. ಸ್ಟೈಲ್ ಬೇಕೆಂದರೆ ಹಿಡಿಯ ನಡುವೆ ಹಿಡಿಯಲಿ.

ಆಮೇಲೆ ಗಿಟಾರ್. ಅದರ ಹೊಟ್ಟೆಯ ಗಾಳಿ ಸುಮಾರು 100 ಹರ್ಟ್ಸ್ ಹತ್ತಿರ ತಾನೇ ಮಿಡಿಯುತ್ತದೆ. ಗುಂ ಎನ್ನುವ ಕುಂಯ್ ಅಲ್ಲಿಯದು. ಗಿಟಾರಿನ ಬಾಯಿಗೆ ರಬ್ಬರ್ ಮುಚ್ಚಳ ಹಾಕಿ, ಪ್ರಿಆಂಪಿನಲ್ಲಿ (ಗಿಟಾರಿನ ಸಣ್ಣ ಸಿಗ್ನಲ್ಲನ್ನು ಹಿಗ್ಗಿಸುವ ಸಾಧನ) ಸದ್ದಿನ ಅಲೆಯನ್ನು ಉಲ್ಟಾ ಮಾಡುವ ಫೇಸ್ ಗುಂಡಿ ಇದ್ದರೆ ಒತ್ತಿ ನೋಡಿ. ಹಾಡಿನ ಚಾನೆಲ್ಲುಗಳಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ.

ಇಷ್ಟಾದ ಮೇಲೆ, ಜನ ಬರುವ ಮೊದಲು, ಎಲ್ಲ ಮೈಕು ತೆರೆದಿಟ್ಟು ಮಾನಿಟರನ್ನು ನಿಧಾನ ಏರಿಸಿ. ಮೊದಲು ಯಾವ ಸ್ವರ ಮೊಳಗುತ್ತದೋ ಅದನ್ನು ಈಕ್ವಲೈಜರಿನಲ್ಲಿ ಹುಡುಕಿ 3ರಿಂದ 6 ಡೆಸಿಬೆಲ್ ಇಳಿಸಿ. ಮತ್ತೆ ಏರಿಸಿ, ಎರಡನೆಯದನ್ನು ಹಿಡಿಯಿರಿ. ಮೂರಕ್ಕೆ ನಿಲ್ಲಿಸಿ, ಹತ್ತು ಕಡೆ ಕತ್ತರಿಸಿದರೆ ದನಿ ಡಬ್ಬದೊಳಗಿಂದ ಬಂದಂತಾಗುತ್ತದೆ. ಕೊನೆಗೆ ಒಟ್ಟು ಸದ್ದನ್ನು 3 ಡೆಸಿಬೆಲ್ ಕೆಳಗೆ ತಂದು ಅಲ್ಲೇ ಬಿಡಿ. ಯಾರೂ ಹಾಡದ ಮೈಕನ್ನು ಮುಚ್ಚಿಡಿ; ತೆರೆದ ಮೈಕು ಎರಡಿದ್ದದ್ದು ನಾಲ್ಕಾದರೆ, ಕುಂಯ್ ಬರದಂತೆ ಏರಿಸಬಹುದಾದ ಸದ್ದಿನಲ್ಲಿ 3 ಡೆಸಿಬೆಲ್ ನಷ್ಟ.

ದೊಡ್ಡವರೂ ಇದರಲ್ಲಿ ಹೆಣಗಿದ್ದಾರೆ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಷೇ ಕ್ರೀಡಾಂಗಣದಲ್ಲಿ 55 ಸಾವಿರಕ್ಕೂ ಹೆಚ್ಚು ಜನರೆದುರು ಬೀಟಲ್ಸ್ ಬಳಸಿದ್ದು 100 ವಾಟಿನ ಆಂಪುಗಳು; ಮಾನಿಟರ್ ಎಂಬುದೇ ಇರಲಿಲ್ಲ, ತಮ್ಮ ಹಾಡು ತಮಗೇ ಕೇಳುತ್ತಿರಲಿಲ್ಲ. 1974ರಲ್ಲಿ ಗ್ರೇಟ್‌ಫುಲ್ ಡೆಡ್ ತಂಡ ಇನ್ನೊಂದು ತುದಿಗೆ ಹೋಯಿತು: ಸ್ಪೀಕರುಗಳ ಗೋಡೆಯನ್ನೇ ತಮ್ಮ ಬೆನ್ನ ಹಿಂದೆ ಕಟ್ಟಿದರು. ಪ್ರತಿ ಗಾಯಕರಿಗೂ ಎರಡು ಮೈಕು, ಒಂದಕ್ಕೊಂದು ಉಲ್ಟಾ ಜೋಡಿಸಿದ್ದು. ಹಿಂದಿನಿಂದ ಎರಡಕ್ಕೂ ಸಮವಾಗಿ ಬರುವ ಸದ್ದು ರದ್ದಾಗಿ, ಮೇಲಿನದಕ್ಕೆ ತುಟಿ ಹಚ್ಚಿ ಹಾಡಿದ್ದು ಮಾತ್ರ ಉಳಿಯುತ್ತಿತ್ತು. ಜಾಣ ಉಪಾಯ, ಆದರೆ ಸಾಗಿಸುವ ಖರ್ಚು ನೀಗದೆ ಅದೇ ವರ್ಷ ಬಿಚ್ಚಿಟ್ಟರು.

ವ್ಯಾನ್ ಹೇಲನ್ ತಂಡ ಕಂದು ಬಣ್ಣದ ಎಂ ಅಂಡ್ ಎಂ ಮಿಠಾಯಿ ಇಡಬಾರದೆಂದು ಒಪ್ಪಂದದಲ್ಲೇ ಬರೆಸುತ್ತಿತ್ತಂತೆ. ಇದು ದೌಲತ್ತಲ್ಲವೇ?
– ಓದುಗರು, ಶಿವಮೊಗ್ಗ

ಗಾಯಕ ಡೇವಿಡ್ ಲೀ ರಾತ್ ಆತ್ಮಕಥೆಯಲ್ಲಿ ಕೊಟ್ಟ ಕಾರಣ ಬೇರೆ. ಲಾರಿಗಟ್ಟಲೆ ಸಾಮಾನು, ಅದಕ್ಕೆ ಬೇಕಾದ ವಿದ್ಯುತ್ತು, ನೆಲ ಹೊರಬೇಕಾದ ತೂಕ ಎಲ್ಲವೂ ಆ ದಪ್ಪ ಕಡತದಲ್ಲಿರುತ್ತಿದ್ದವು. ಬಟ್ಟಲಲ್ಲಿ ಕಂದು ಮಿಠಾಯಿ ಕಂಡರೆ ಆಯೋಜಕರು ಕಡತ ಓದಿಲ್ಲವೆಂದು ಅರ್ಥ. ಕೂಡಲೇ ಎಲ್ಲವನ್ನೂ ಮರುಪರೀಕ್ಷೆ ಮಾಡುತ್ತಿದ್ದರು. ನಮಗಿದು ಒಪ್ಪುವ ಮಾತೇ, ಒಂದಿಷ್ಟು ದೌಲತ್ತೂ ಇದ್ದಿರಬಹುದು.

ನಿಮ್ಮೂರಿನ ಬ್ಯಾಂಡಿಗೆ ಒಂದು ಪುಟ ಸಾಕು: ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕು, ಎಷ್ಟು ಡಿಐ ಬಾಕ್ಸ್ (ಗಿಟಾರನ್ನು ನೇರ ಮಿಕ್ಸರಿಗೆ ಜೋಡಿಸುವ ಡಬ್ಬಿ), ಎಷ್ಟು ಪ್ಲಗ್ ಪಾಯಿಂಟ್. ಕೆಳಗೆ ದಪ್ಪಕ್ಷರದಲ್ಲಿ: ವೇದಿಕೆಗೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ ಕರೆಂಟು, ಅರ್ಥಿಂಗ್ ಸಹಿತ. ಗಿಟಾರಿನ ತಂತಿ ಆಂಪಿನ ಅರ್ಥಿಗೆ ಸೇರಿರುತ್ತದೆ, ಮೈಕಿನ ಜಾಲರಿ ಮಿಕ್ಸರಿನ ಅರ್ಥಿಗೆ. ಎರಡರಲ್ಲೊಂದು ಕಡೆ ಅರ್ಥ್ ಇಲ್ಲದಿದ್ದರೆ ತುಟಿ ತಾಗಿದ ಕ್ಷಣ ಶಾಕ್. ಇದರಿಂದ ಪ್ರಾಣ ಕಳೆದುಕೊಂಡವರಿದ್ದಾರೆ. ಹಾಡುವ ಮೊದಲು ಮಲ್ಟಿಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜಾಲರಿಗೆ ಹಿಡಿದು ಎಸಿ ವೋಲ್ಟ್ ನೋಡಿ. ಮೂರ್ನಾಲ್ಕು ವೋಲ್ಟ್ ದಾಟಿದರೆ ನುಡಿಸಬೇಡಿ. ಹಮ್ ಬರುತ್ತದೆಂದು ಪ್ಲಗ್ಗಿನ ದಪ್ಪ ಪಿನ್ನು ಕಿತ್ತು ಹಾಕುವ ಚಾಳಿ ನಮ್ಮಲ್ಲಿ ಬಹಳ. ಹಮ್ಮಿಗೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ ಇದೆ, ಅದನ್ನು ಒತ್ತಿ.

ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ತಾವು ಬರೆದ ‘ಐ ವಿಲ್ ಆಲ್ವೇಸ್ ಲವ್ ಯೂ’ ಹಾಡನ್ನು ಎಲ್ವಿಸ್‌ಗೆ ಕೊಡಲಿಲ್ಲವಂತೆ. ಅಂಥ ಅವಕಾಶ ಯಾರಾದರೂ ಬಿಡುತ್ತಾರೆಯೇ?
– ಕನ್ನಡಿಗರು, ಡಲ್ಲಾಸ್

ಎಲ್ವಿಸ್‌ರ ಮ್ಯಾನೇಜರ್ ಕರ್ನಲ್ ಪಾರ್ಕರ್ ಹಾಡಿನ ಪ್ರಕಾಶನ ಹಕ್ಕಿನಲ್ಲಿ ಅರ್ಧ ಕೇಳಿದರು, ಡಾಲಿ ಒಲ್ಲೆ ಎಂದರು. ಅಮೆರಿಕದಲ್ಲಿ ಮಾಮೂಲಿ ರೇಡಿಯೋದಲ್ಲಿ ಹಾಡು ಬಂದರೆ ದುಡ್ಡು ಹೋಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ. ಹಾಡಿದವರಿಗೆ, ನುಡಿಸಿದವರಿಗೆ ಚಿಕ್ಕಾಸೂ ಇಲ್ಲ. ಅರ್ಧ ಬಿಟ್ಟುಕೊಡುವುದೆಂದರೆ ಪ್ರಕಾಶಕರಿಗೆ ಬರುವ ಪಾಲಿನಲ್ಲಿ ಅರ್ಧ ಹೋದಂತೆ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು ಸಿನಿಮಾಕ್ಕೆ ಹಾಡಿ ಜಗತ್ತೆಲ್ಲ ಹರಡಿದಾಗ ಪಾಲು ಪೂರ್ತಿ ಡಾಲಿಯ ಕೈಯಲ್ಲಿತ್ತು.

ಬ್ಯಾಂಡಿನವರು ಹಾಡು ಮುಗಿದ ದಿನವೇ ಸಾಹಿತ್ಯ ಯಾರದು, ರಾಗ ಯಾರದು, ಶೇಕಡಾ ಎಷ್ಟು ಎಂದು ಬರೆದು ಎಲ್ಲರ ಸಹಿ ಹಾಕಿಸಿಡಿ. ಹಾಡು ಗೆದ್ದ ಮೇಲೆ ಯಾರಿಗೂ ನೆನಪು ಸರಿಯಿರುವುದಿಲ್ಲ. ಭಾರತದಲ್ಲಿ ಸಾಹಿತಿ, ಸಂಯೋಜಕರ ರಾಯಧನ ಸಂಗ್ರಹಿಸುವುದು ಐಪಿಆರ್‌ಎಸ್, ಸದಸ್ಯರಾಗಿ.

ಮೆಟಾಲಿಕಾ ಭಾರತದಲ್ಲಿ ಮೊದಲು ನುಡಿಸಿದ್ದು ದೆಹಲಿ ಕಡೆ ಎಂದು ಗೆಳೆಯ ಪಂತ ಕಟ್ಟಿದ್ದಾನೆ. ನಾನು ಬೆಂಗಳೂರು ಎಂದೆ.
– ಓದುಗರು, ತುಮಕೂರು

2011ರ ಅಕ್ಟೋಬರ್ 30, ಬೆಂಗಳೂರಿನ ಅರಮನೆ ಮೈದಾನ. ಅದಕ್ಕೆರಡು ದಿನ ಮೊದಲು ಗುರ್‌ಗಾಂವ್‌ನಲ್ಲಿ ನಿಗದಿಯಾಗಿದ್ದು ರದ್ದಾಯಿತು. ನಿಮ್ಮ ಗೆಳೆಯ ಬಹುಶಃ ಪೋಸ್ಟರ್ ಮಾತ್ರ ನೋಡಿರಬೇಕು. ಪಂತ ನಿಮ್ಮದು.